ಸಂಬಳ ಬೇಡ ಅಂದ ರೇಡಿಯೊ ಹಾಡುಗಾರ

ಇಲ್ಲಿ ಬಾಬ್ ಡಿಲನ್ ಹೆಸರು ಕೇಳಿದವರು ಎಷ್ಟು ಜನ ಇದ್ದೀರಿ? ಹೆಚ್ಚುಕಡಿಮೆ ಎಲ್ಲರೂ. ಜೋನ್ ಬಯೇಜ್? ಅರ್ಧ ಸಭೆ. ಪೀಟ್ ಸೀಗರ್? ಪರವಾಗಿಲ್ಲ, ಕೈಗಳು ಇನ್ನೂ ಮೇಲಿವೆ. ಆಸ್ಕರ್ ಬ್ರ್ಯಾಂಡ್? ಒಂದು ಕೈ, ಅದೂ ಇವತ್ತು ನನ್ನನ್ನು ಕರೆಸಿದವರದ್ದು. ಇವತ್ತಿನ ಮಾತಿಗೆ ಇದೇ ಸರಿಯಾದ ಶುರು. ಈಗ ಹೇಳಿದ ಮೂವರನ್ನೂ ಮೈಕಿನ ಮುಂದೆ ಕೂರಿಸಿಕೊಂಡು ಹಾಡಿಸಿದ ಮನುಷ್ಯ ಆಸ್ಕರ್ ಬ್ರ್ಯಾಂಡ್. ನ್ಯೂಯಾರ್ಕಿನ ಒಂದು ರೇಡಿಯೊ ಕೇಂದ್ರದಲ್ಲಿ 1945ರ ಡಿಸೆಂಬರ್ 10ರಂದು ಒಂದು ಜಾನಪದ ಹಾಡಿನ ಕಾರ್ಯಕ್ರಮ ಶುರು ಮಾಡಿದರು, 2016ರವರೆಗೂ ಅದನ್ನೇ ನಡೆಸಿದರು. ಎಪ್ಪತ್ತು ವರ್ಷ. ಅಷ್ಟೂ ವರ್ಷ ಆ ಕೇಂದ್ರದಿಂದ ಒಂದು ಪೈಸೆ ಸಂಬಳ ತಗೊಳ್ಳಲಿಲ್ಲ.

ಈ ಸಂಬಳದ ವಿಷಯವನ್ನು ಮೊದಲೇ ಹೇಳಿಬಿಟ್ಟೆ, ಯಾಕೆಂದರೆ ನಾನು ಇವತ್ತು ಮಾತಾಡೋದೆಲ್ಲ ಅದರ ಸುತ್ತಲೇ. ಅವರ ಬಗ್ಗೆ ಬರೆದವರು ಇದನ್ನು ಒಂದು ಸಾಲಲ್ಲಿ ಹೇಳಿ ಮುಂದೆ ಹೋಗುತ್ತಾರೆ, ಏನೋ ದೊಡ್ಡ ಮನಸ್ಸು ಅನ್ನೋ ಹಾಗೆ. ನನಗೆ ಅದು ದೊಡ್ಡ ಮನಸ್ಸು ಅನ್ನಿಸೋದಿಲ್ಲ. ಲೆಕ್ಕಾಚಾರ ಅನ್ನಿಸುತ್ತದೆ, ಬಹಳ ಚುರುಕಾದ ಲೆಕ್ಕಾಚಾರ.

ಹುಟ್ಟಿದ್ದು 1920ರ ಫೆಬ್ರವರಿ 7, ಕೆನಡಾದ ವಿನಿಪೆಗ್‌ನಲ್ಲಿ. ಹುಟ್ಟುವಾಗಲೇ ಒಂದು ಕಾಲಿನ ಮೀನಖಂಡದಲ್ಲಿ ಸ್ನಾಯು ಇರಲಿಲ್ಲ. ಚಿಕ್ಕವರಿದ್ದಾಗಲೇ ಮನೆಯವರು ಅಮೆರಿಕಕ್ಕೆ ಬಂದರು, ಕೊನೆಗೆ ನ್ಯೂಯಾರ್ಕಿನಲ್ಲಿ ನೆಲೆ ನಿಂತರು. ಶಾಲೆ ಮುಗಿದ ಮೇಲೆ ಬ್ಯಾಂಜೊ ಹೆಗಲಿಗೆ ಹಾಕಿಕೊಂಡು, ಹೊಲಗಳಲ್ಲಿ ಕೂಲಿ ಮಾಡುತ್ತ ಊರೂರು ತಿರುಗಿದರು. ಬ್ರೂಕ್ಲಿನ್ ಕಾಲೇಜಿನಲ್ಲಿ ಮನಃಶಾಸ್ತ್ರ ಓದಿದರು. ಎರಡನೇ ಮಹಾಯುದ್ಧದಲ್ಲಿ ಸೈನ್ಯದಲ್ಲಿದ್ದರು, ಅಲ್ಲೂ ಮನಃಶಾಸ್ತ್ರಕ್ಕೆ ಸಂಬಂಧಪಟ್ಟ ಕೆಲಸವೇ. ಈ ಭಾಗವನ್ನು ಇಷ್ಟಕ್ಕೇ ಬಿಡುತ್ತೇನೆ. ಸೈನ್ಯದಿಂದ ಹೊರಗೆ ಬಂದಾಗ ಅವರ ತಲೆಯಲ್ಲಿ ಹಾಡುಗಳ ದೊಡ್ಡ ಗಂಟಿತ್ತು, ಅದರಲ್ಲಿ ಅರ್ಧಕ್ಕರ್ಧ ಮನೆಯವರ ಮುಂದೆ ಹಾಡೋ ಹಾಗಿರಲಿಲ್ಲ ಅನ್ನೋದು ಮಾತ್ರ ನೆನಪಿಟ್ಟುಕೊಳ್ಳಿ. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಆ ರೇಡಿಯೊ ಕೇಂದ್ರದ ಬಗ್ಗೆ. ಹೆಸರು ಡಬ್ಲ್ಯೂಎನ್‌ವೈಸಿ. 1924ರಲ್ಲಿ ಶುರುವಾದದ್ದು, ಆಗ ನ್ಯೂಯಾರ್ಕ್ ನಗರಾಡಳಿತದ ಸ್ವಂತದ್ದು. ನಮ್ಮ ಲೆಕ್ಕದಲ್ಲಿ ಹೇಳೋದಾದರೆ ಮಹಾನಗರಪಾಲಿಕೆಯೇ ಒಂದು ರೇಡಿಯೊ ಇಟ್ಟುಕೊಂಡ ಹಾಗೆ. ಅದರಲ್ಲಿ ಜಾಹೀರಾತು ಇರಲಿಲ್ಲ. ಮೇಯರ್ ಲಾಗಾರ್ಡಿಯಾ ಅದನ್ನು ತಮ್ಮ ಮನೆಯ ಜಗುಲಿ ಥರ ಬಳಸುತ್ತಿದ್ದರು. 1945ರ ಜುಲೈನಲ್ಲಿ ಪತ್ರಿಕೆ ಹಂಚುವವರು ಮುಷ್ಕರ ಹೂಡಿದರು, ಊರಿಗೆ ಪೇಪರ್ ಇಲ್ಲ. ಮಕ್ಕಳಿಗೆ ವಾರದ ಚಿತ್ರಕಥೆ ತಪ್ಪಿಹೋಗುತ್ತಲ್ಲ ಅಂತ ಮೇಯರ್ ಸಾಹೇಬರು ತಾವೇ ಮೈಕಿನ ಮುಂದೆ ಕೂತು ಪತ್ತೇದಾರಿ ಚಿತ್ರಕಥೆಯನ್ನು ಅಭಿನಯದ ಸಮೇತ ಓದಿದರು. ಯೋಚನೆ ಮಾಡಿ ನೋಡಿ, ನಮ್ಮ ಯಾವ ಮೇಯರ್ ಈ ಕೆಲಸ ಮಾಡಿಯಾರು. ಇದನ್ನು ಸುಮ್ನೆ ತಮಾಷೆಗೆ ಹೇಳಲಿಲ್ಲ. ಅಂಥ ಕೇಂದ್ರ ಆಗಿದ್ದಕ್ಕೇ ಐದು ತಿಂಗಳ ನಂತರ ಇಪ್ಪತ್ತೈದು ವರ್ಷದ ಒಬ್ಬ ಗೊತ್ತಿಲ್ಲದ ಹುಡುಗನಿಗೂ ಅಲ್ಲಿ ಬಾಗಿಲು ತೆರೆಯಿತು. ಅದಕ್ಕೂ ಮೊದಲೇ ಅದೇ ಕೇಂದ್ರ ಲೆಡ್‌ಬೆಲಿಗೆ ಮೈಕ್ ಕೊಟ್ಟಿತ್ತು. ಲೆಡ್‌ಬೆಲಿ ಅಂದರೆ ಜೈಲಿನಲ್ಲಿ ವರ್ಷಗಟ್ಟಲೆ ಕಳೆದು ಬಂದ, ಹನ್ನೆರಡು ತಂತಿಯ ಗಿಟಾರ್ ಹಿಡಿದು ಹಾಡುತ್ತಿದ್ದ ಕಪ್ಪು ಹಾಡುಗಾರ.

ಬ್ರ್ಯಾಂಡ್ ಮಾಡಿದ್ದು ಇಷ್ಟು. ಕ್ರಿಸ್‌ಮಸ್ ಹತ್ತಿರ ಬಂದಿತ್ತು. ಎಲ್ಲರೂ ಹಾಡೋ ಹಾಡು ಬಿಟ್ಟು ಯಾರೂ ಕೇಳದ ಕ್ರಿಸ್‌ಮಸ್ ಹಾಡುಗಳು ನನ್ನ ಹತ್ತಿರ ಇವೆ, ಒಂದು ಕಾರ್ಯಕ್ರಮ ಕೊಡುತ್ತೇನೆ ಅಂತ ನ್ಯೂಯಾರ್ಕಿನ ರೇಡಿಯೊ ಕೇಂದ್ರಗಳಿಗೆ ಕಾಗದ ಬರೆದರು. ಡಬ್ಲ್ಯೂಎನ್‌ವೈಸಿಯವರು ಬಾ ಅಂದರು. ಹೋಗಿ ಹಾಡಿದರು. ಮುಗಿದ ಮೇಲೆ ಮುಂದಿನ ವಾರ ಏನು ಮಾಡ್ತೀಯ ಅಂತ ಕೇಳಿದರಂತೆ. ಇವರು ಮುಂದಿನ ವಾರವೂ ಹೋದರು. ನೇಮಕದ ಆದೇಶ ಇಲ್ಲ, ಕರಾರು ಇಲ್ಲ. ಆ 'ಮುಂದಿನ ವಾರ' ಎಪ್ಪತ್ತು ವರ್ಷ ಎಳೆಯಿತು.

ಹಾಗಾದರೆ ಹೊಟ್ಟೆಪಾಡು? ಇದು ಸಹಜವಾದ ಪ್ರಶ್ನೆ, ನಮ್ಮಲ್ಲಂತೂ ಹಾಡೋ ಹುಡುಗನಿಗೆ ಮೊದಲು ಕೇಳೋದೇ ಇದನ್ನು. ಬ್ರ್ಯಾಂಡ್ ಹಾಡು ಮಾರಿ ಬದುಕಿದರು. ನೂರರ ಹತ್ತಿರ ಆಲ್ಬಂ ಮಾಡಿದರು. ಅವುಗಳ ವಿಷಯ ಕೇಳಿದರೆ ನಗು ಬರುತ್ತದೆ. ವಿಮಾನದ ಪೈಲಟ್‌ಗಳ ಹಾಡು ಒಂದರಲ್ಲಿ, ನೌಕಾಪಡೆಯವರ ಹಾಡು ಇನ್ನೊಂದರಲ್ಲಿ, ಹಿಮದ ಮೇಲೆ ಜಾರುವವರಿಗೆ ಒಂದು, ಡಾಕ್ಟರುಗಳಿಗೇ ಅಂತ ಒಂದು, ರೇಸಿನ ಕಾರು ಓಡಿಸುವವರಿಗೆ ಒಂದು. ಅಮೆರಿಕದ ಅಧ್ಯಕ್ಷರ ಚುನಾವಣೆಗಳ ಪ್ರಚಾರದ ಹಾಡುಗಳನ್ನೂ ಬಿಡಲಿಲ್ಲ, 1789ರಿಂದ 1996ರ ತನಕದ್ದನ್ನು ಜೋಡಿಸಿ ಹಾಡಿಟ್ಟಿದ್ದಾರೆ. ಜಾನಪದ ಅಂದರೆ ಹಳ್ಳಿ, ಹೊಲ, ಬೀಸುಕಲ್ಲು ಅಂತ ನಾವು ಗೆರೆ ಹಾಕಿಕೊಂಡು ಕೂತಿದ್ದೇವೆ ಅಲ್ವಾ? ಅವರಿಗೆ ಆ ಗೆರೆ ಇರಲಿಲ್ಲ. ನಾಲ್ಕು ಜನ ಒಂದೇ ಕೆಲಸ ಮಾಡುವ ಕಡೆ ಹಾಡು ಹುಟ್ಟುತ್ತದೆ, ಅವರ ಕೈಯಲ್ಲಿ ಕುಡುಗೋಲು ಇದ್ದರೇನು, ಸ್ಟೆತಸ್ಕೋಪ್ ಇದ್ದರೇನು.

ಇದೆಲ್ಲಕ್ಕಿಂತ ಜೋರಾಗಿ ಖರ್ಚಾದದ್ದು ಆ ಗಂಟಿನ ಹಾಡುಗಳು. ಪೋಲಿ ಹಾಡುಗಳು. ಬೇರೆ ಪದ ಹುಡುಕಬೇಕಾಗಿಲ್ಲ, ಪೋಲಿ ಹಾಡುಗಳೇ. ಐವತ್ತರ ದಶಕದಲ್ಲಿ ಅವನ್ನು ಸಾಲಾಗಿ ರೆಕಾರ್ಡ್ ಮಾಡಿದರು, ಸಿಕ್ಕಾಪಟ್ಟೆ ಮಾರಾಟವಾದವು. ನಮ್ಮಲ್ಲಿ ಹೋಳಿ ಹುಣ್ಣಿಮೆ ರಾತ್ರಿ ಕಾಮಣ್ಣನ ಮುಂದೆ ಬಾಯಿ ಬಡಿದುಕೊಂಡು ಹಾಡುವ ಹಾಡು ಗೊತ್ತಲ್ಲ, ಅದೇ ಜಾತಿ. ನಮ್ಮ ಜನಪದ ಗೀತೆಗಳ ಎಷ್ಟೋ ಸಂಗ್ರಹಗಳಲ್ಲಿ ಅವು ಸಿಗೋದಿಲ್ಲ. ಬರೆದುಕೊಳ್ಳಲು ಹೋದ ಮೇಷ್ಟ್ರಿಗೆ ನಾಚಿಕೆ, ಹೇಳುವ ಅಜ್ಜನಿಗೆ ಮೇಷ್ಟ್ರ ಮುಂದೆ ಸಂಕೋಚ. ಇಬ್ಬರ ಮರ್ಯಾದೆಯ ನಡುವೆ ಹಾಡು ಸತ್ತುಹೋಯಿತು.

ಬ್ರ್ಯಾಂಡ್ ಇಂಥದ್ದೇ ಒಂದನ್ನು ತೊಳೆದು, ಇಸ್ತ್ರಿ ಮಾಡಿ, ಊರಿಗೆಲ್ಲ ಮಾರಿದ ಕಥೆ ಇದೆ. ಮಹಾಯುದ್ಧದ ಸೈನಿಕರ ನಡುವೆ ಓಡಾಡುತ್ತಿದ್ದ ಒಂದು ಒರಟು ಹಾಡು. ಬೇರು ಹುಡುಕಿದರೆ 1719ರಷ್ಟು ಹಳೆಯ, ಇಂಗ್ಲೆಂಡಿನ ಹೆಂಡದಂಗಡಿಯ ಹಾಡೊಂದಕ್ಕೆ ಹೋಗಿ ಮುಟ್ಟುತ್ತದೆ. ಒಬ್ಬ ಹುಡುಗಿ ರಸ್ತೆಯಲ್ಲಿ ಬರುತ್ತಾಳೆ, ಒಬ್ಬ ಹುಡುಗ ಹಿಂದೆ ಬೀಳುತ್ತಾನೆ, ಮನೆ ಬಾಗಿಲ ತನಕ ಬರುತ್ತಾನೆ, ಮುಂದಿನದ್ದನ್ನು ಸೈನಿಕರು ಸೈನಿಕರ ಥರ ಹಾಡುತ್ತಿದ್ದರು. ಬ್ರ್ಯಾಂಡ್ ದಾರಿ ಬದಲಿಸಲಿಲ್ಲ, ಹುಡುಗಿ ಬಂದ ರಸ್ತೆ ಅದೇ, ಹಿಂದೆ ಬಿದ್ದ ಹುಡುಗ ಅವನೇ, ಕೊನೆಗೆ ಮಾತ್ರ ಇಬ್ಬರಿಗೂ ಮದುವೆ ಮಾಡಿಸಿದರು. 'ಎ ಗೈ ಈಸ್ ಎ ಗೈ' ಅಂತ ಹೆಸರು. 1952ರಲ್ಲಿ ಡೋರಿಸ್ ಡೇ ಹಾಡಿದರು, ಅಲ್ಲಿನ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನಾಲ್ಕನೇ ಜಾಗಕ್ಕೆ ಏರಿತು. ಅಮೆರಿಕದ ಅಡುಗೆಮನೆಗಳಲ್ಲಿ ಹೆಂಗಸರು ಪಾತ್ರೆ ತೊಳೆಯುತ್ತ ಗುನುಗುತ್ತಿದ್ದದ್ದು ಸೈನಿಕರ ಪೋಲಿ ಹಾಡಿನ ಮೊಮ್ಮಗಳನ್ನು.

ಇದು ಕಳ್ಳತನ ಅಲ್ವಾ, ಜಾನಪದವನ್ನು ಕೆಡಿಸಿದಂತೆ ಅಲ್ವಾ ಅಂತ ಕೇಳುವವರು ಇದ್ದಾರೆ. ನನಗೂ ಪೂರ್ತಿ ಸಮಾಧಾನ ಇಲ್ಲ, ಅದನ್ನು ಮುಚ್ಚಿಡೋದಿಲ್ಲ. ಆದರೆ ಹಾಡು ಬಾಯಿಂದ ಬಾಯಿಗೆ ಹೋಗುವಾಗ ಬದಲಾಗೋದೇ ಅದರ ಗುಣ. ಬ್ರ್ಯಾಂಡ್ ಬದಲಾಯಿಸಿದ್ದಕ್ಕಿಂತ ಅದಕ್ಕೆ ದುಡ್ಡು ಬಂದದ್ದು ಜನರ ಹೊಟ್ಟೆಗೆ ಹೆಚ್ಚು ಉರಿ ತಂದಿರಬಹುದು ಅಂತ ನನ್ನ ಅನುಮಾನ.

ಅಂತೂ ಹೊರಗೆ ದುಡಿಮೆ ಆಯ್ತು. ರೇಡಿಯೊ ಒಳಗೆ ಸಂಬಳ ಬೇಡ. ಈ ಏರ್ಪಾಡಿನ ಬೆಲೆ ಗೊತ್ತಾದದ್ದು 1950ರಲ್ಲಿ.

ಆ ವರ್ಷದ ಜೂನ್‌ನಲ್ಲಿ 'ರೆಡ್ ಚಾನೆಲ್ಸ್' ಅಂತ ಒಂದು ಪುಸ್ತಿಕೆ ಬಂತು. ರೇಡಿಯೊ ಮತ್ತು ಟಿವಿಯಲ್ಲಿ ಕಮ್ಯುನಿಸ್ಟರ ಜೊತೆ ನಂಟಿದೆ ಅಂತ 151 ಜನರ ಹೆಸರು ಅದರಲ್ಲಿ. ಪೀಟ್ ಸೀಗರ್ ಇದ್ದರು, ಜಾಶ್ ವೈಟ್ ಇದ್ದರು, ಬರ್ಲ್ ಐವ್ಸ್ ಇದ್ದರು, ಆಸ್ಕರ್ ಬ್ರ್ಯಾಂಡ್ ಇದ್ದರು. ಬ್ರ್ಯಾಂಡ್ ಕಮ್ಯುನಿಸ್ಟ್ ಪಕ್ಷದ ಸದಸ್ಯ ಆಗಿರಲಿಲ್ಲ, ಸ್ಟಾಲಿನ್‌ನನ್ನು ಕಂಡರೆ ಆಗುತ್ತಲೂ ಇರಲಿಲ್ಲ. ಪಟ್ಟಿಗೆ ಅದೆಲ್ಲ ಬೇಕಾಗಿರಲಿಲ್ಲ. ಪಟ್ಟಿಯಲ್ಲಿದ್ದವರನ್ನು ಕರೆದು ಹಾಡಿಸಿದರೂ ಸಾಕು, ಅನುಮಾನ ಅಂಟಿಕೊಳ್ಳುತ್ತಿತ್ತು.

ಈ ಪಟ್ಟಿ ಕೆಲಸ ಮಾಡುತ್ತಿದ್ದ ರೀತಿ ನೋಡಿ. ಯಾರನ್ನೂ ಜೈಲಿಗೆ ಹಾಕಬೇಕಾಗಿಲ್ಲ, ಕೋರ್ಟು ಕಚೇರಿ ಏನೂ ಇಲ್ಲ. ಅಮೆರಿಕದ ರೇಡಿಯೊದಲ್ಲಿ ಕಾರ್ಯಕ್ರಮದ ಖರ್ಚು ಕೊಡುತ್ತಿದ್ದದ್ದು ಸೋಪಿನ ಕಂಪನಿ, ಸಿಗರೇಟಿನ ಕಂಪನಿ. ಪುಸ್ತಿಕೆ ಜಾಹೀರಾತಿನವರ ಮೇಜಿಗೆ ಹೋಗುತ್ತದೆ, ಅವರು ಕಂಪನಿಗೆ ಹೇಳುತ್ತಾರೆ, ಕಂಪನಿಯವನು ಕೇಂದ್ರಕ್ಕೆ ಫೋನ್ ಮಾಡುತ್ತಾನೆ, ಕೇಂದ್ರದವನು ಹಾಡುಗಾರನಿಗೆ 'ಸದ್ಯಕ್ಕೆ ಅವಕಾಶ ಇಲ್ಲ' ಅನ್ನುತ್ತಾನೆ. ಯಾರ ಕೈಗೂ ರಕ್ತ ಅಂಟಲಿಲ್ಲ, ಹಾಡುಗಾರನ ಒಲೆ ಮಾತ್ರ ಆರಿತು. ಈಗ ಬ್ರ್ಯಾಂಡ್ ಅವರ ಕಾರ್ಯಕ್ರಮ ನೋಡಿ. ಕೇಂದ್ರಕ್ಕೆ ಜಾಹೀರಾತು ಇಲ್ಲ. ನಿರೂಪಕನಿಗೆ ಸಂಬಳ ಇಲ್ಲ. ಯಾರಿಗೆ ಫೋನ್ ಮಾಡಿ ಏನನ್ನು ನಿಲ್ಲಿಸುತ್ತೀರಿ? ನಗರಾಡಳಿತದ ಮೇಲೆ ಒತ್ತಡ ತರಬಹುದಿತ್ತು ನಿಜ, ಆದರೆ ಕಾರ್ಯಕ್ರಮ ನಿಲ್ಲಲಿಲ್ಲ. ಅವರದ್ದು ಕಮ್ಯುನಿಸಂ ಹರಿದು ಬರುವ ಪೈಪು ಅಂತ ಸಂಸತ್ತಿನ ಸಮಿತಿ ಕಡೆಯಿಂದ ಮಾತು ಬಂತು. ಅದೇ ಪೈಪಿನಲ್ಲಿ ಮುಂದಿನ ವಾರವೂ ಬ್ಯಾಂಜೊ ಕೇಳಿಸಿತು.

ಇಷ್ಟೇ ಆಗಿದ್ದರೆ ಒಂದು ವೀರಗಾಥೆ ಹೇಳಿ ಕೂತುಬಿಡಬಹುದಿತ್ತು. 1952ರಲ್ಲಿ ಬರ್ಲ್ ಐವ್ಸ್ ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ವಿಚಾರಣಾ ಸಮಿತಿಯ ಮುಂದೆ ಹೋಗಿ ಸಹಕರಿಸಿದರು. ಹಾಡುಗಾರರ ಲೋಕದಲ್ಲಿ ಅದು ದ್ರೋಹ. ಎಡಪಂಥೀಯ ಗೆಳೆಯರು ಐವ್ಸ್ ಮುಖ ನೋಡೋದನ್ನೇ ಬಿಟ್ಟರು. ಬ್ರ್ಯಾಂಡ್ ಮಾತ್ರ ಐವ್ಸ್ ಅವರನ್ನೂ ತಮ್ಮ ಕಾರ್ಯಕ್ರಮಕ್ಕೆ ಕರೆದರು. ಕಪ್ಪುಪಟ್ಟಿಯಲ್ಲಿದ್ದ ಗೆಳೆಯರು ಬೈದರು. ಆದರೆ ಆ ಪಟ್ಟಿ ತಪ್ಪು ಅಂದಮೇಲೆ ಈ ಪಟ್ಟಿಯೂ ತಪ್ಪೇ ಅಲ್ವಾ? ಬಲಗಡೆಯವರಿಗೆ ಇವರು ಕೆಂಪು, ಎಡಗಡೆಯವರಿಗೆ ಇವರು ಬೆನ್ನೆಲುಬು ಇಲ್ಲದವರು. ಸಂಬಳ ಇಲ್ಲದ್ದು ಇಲ್ಲೂ ಕೆಲಸಕ್ಕೆ ಬಂತು. ಗೆಳೆಯರಿಗೂ ಕಸಿದುಕೊಳ್ಳಲು ಏನೂ ಇರಲಿಲ್ಲ.

ಇಲ್ಲಿ ನನ್ನದೊಂದು ಹೇಳಲೇಬೇಕು, ಹೇಳದಿದ್ದರೆ ಈ ಮಾತೆಲ್ಲ ಪರೋಪದೇಶ ಆಗುತ್ತದೆ. ನಾನೂ ಕೆಲವು ವರ್ಷ ಒಂದು ರೇಡಿಯೊ ಕೇಂದ್ರದಲ್ಲಿ ಹಂಗಾಮಿ ಉದ್ಘೋಷಕನಾಗಿದ್ದೆ. ಯಾವುದು ಅಂತ ಕೇಳಬೇಡಿ. ಸ್ಪೂಲ್ ಟೇಪಿನ ಕಾಲ. ಒಬ್ಬ ಅಜ್ಜಿಯನ್ನು ಕರೆಸಿ ಬೀಸುವ ಪದ ರೆಕಾರ್ಡ್ ಮಾಡಿದ್ದೆವು. ಒಂದು ಪದದಲ್ಲಿ ಅವಳು ಶಾನಭೋಗನನ್ನು ಗೇಲಿ ಮಾಡುತ್ತಾಳೆ, ದೊಡ್ಡದೇನಲ್ಲ, ಅವನ ಲೆಕ್ಕದ ಪುಸ್ತಕ ಅವನ ಹೊಟ್ಟೆಗಿಂತ ಸಣ್ಣದು ಅಂತ. ಮೇಲಿನವರು ಕೇಳಿ, ಆ ಸಾಲು ತೆಗೆದುಬಿಡಿ, ಯಾಕೆ ಬೇಕು ಅಂದರು. ನಾನು ಎದುರು ಮಾತಾಡಲಿಲ್ಲ. ರೀಲನ್ನು ಕೈಯಲ್ಲಿ ಹಿಂದೆ ಮುಂದೆ ತಿರುಗಿಸಿ, ಅವಳು ಉಸಿರು ತಗೊಳ್ಳುವ ಜಾಗ ಹುಡುಕಿ, ಬಿಳಿ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಎರಡು ತುದಿ ಅಂಟಿಸಿದೆ. ಸೆಕೆಂಡಿಗೆ ಏಳೂವರೆ ಇಂಚು ಓಡುವ ಟೇಪು. ಅವಳ ಒಂದು ಸಾಲು ನಾಲ್ಕು ಸೆಕೆಂಡಿಗೆ ಸ್ವಲ್ಪ ಕಡಿಮೆ. ಕತ್ತರಿಸಿದ ತುಂಡು ಒಂದೂವರೆ ಮೊಳ ಆಯಿತು, ಹೂ ಮಾರುವವರ ಲೆಕ್ಕದಲ್ಲಿ. ಅದನ್ನು ಕೈಗೆ ಸುತ್ತಿಕೊಂಡು ಕಸದ ಬುಟ್ಟಿಗೆ ಹಾಕಿದೆ.

ಆರು ತಿಂಗಳ ಮೇಲೆ ಅಜ್ಜಿ ಸಿಕ್ಕಳು, ಜಾತ್ರೆಯಲ್ಲಿ. ರೇಡಿಯೊದಲ್ಲಿ ಕೇಳಿದ್ದಳು. ಬೈಯಲಿಲ್ಲ. "ನನ್ನ ಪದದಾಗಿನ ಶಾನಭೋಗ ಎಲ್ಲಿ ಹ್ವಾದ್ನೋ ತಮ್ಮಾ?" ಅಂತ ಕೇಳಿದಳು. ನಾನು ಏನು ಹೇಳಲಿ. ತಿಂಗಳಿಗೆ ಆರು ಡ್ಯೂಟಿ ಬರುತ್ತಿತ್ತು, ಆ ಚೆಕ್ಕು ಬೇಕಿತ್ತು.

ಸರಿ, ಮುಂದೆ ಹೋಗೋಣ. ಬ್ರ್ಯಾಂಡ್ ಮೈಕಿನ ಮುಂದೆ ಹೇಗಿದ್ದರು ಅನ್ನೋದನ್ನು ಹೇಳಬೇಕು. ನಮಗೆ ಹಾಡಿನ ನಿರೂಪಕ ಅಂದ ಕೂಡಲೇ ಅಮೀನ್ ಸಯಾನಿ ನೆನಪಾಗುತ್ತಾರೆ. 1952ರಲ್ಲಿ ರೇಡಿಯೊ ಸಿಲೋನ್‌ನಲ್ಲಿ ಶುರುವಾದ ಬಿನಾಕಾ ಗೀತಮಾಲಾ. ಅಲ್ಲಿ ಟೂತ್‌ಪೇಸ್ಟಿನ ಹೆಸರೇ ಕಾರ್ಯಕ್ರಮದ ಹೆಸರು. ಸಯಾನಿಯವರ ಧ್ವನಿಯೇ ಒಂದು ಹಬ್ಬ, ಹಾಡಿಗಿಂತ ಅವರ ಮಾತಿಗೆ ಕಾದು ಕೂರುವವರಿದ್ದರು. ಬ್ರ್ಯಾಂಡ್ ಅದಕ್ಕೆ ಪೂರ್ತಿ ಉಲ್ಟಾ. ಮನೆಗೆ ನೆಂಟರು ಬಂದಾಗ ಮಾತಾಡಿಸುವ ಹಾಗೆ, ಸ್ವಲ್ಪ ಕೆಣಕುತ್ತ, ನಡುವೆ ತಾನೂ ಒಂದು ಗಿಟಾರ್ ಎಳೆದುಕೊಂಡು ದನಿ ಸೇರಿಸುತ್ತ. ಬಂದ ನೆಂಟರಾದರೂ ಎಂಥವರು! ವುಡಿ ಗಥ್ರಿ ಬಂದರು, ಲೆಡ್‌ಬೆಲಿ ಬಂದರು, ಜೂಡಿ ಕಾಲಿನ್ಸ್, ಎಮಿಲೂ ಹ್ಯಾರಿಸ್ ಬಂದರು. ವುಡಿ ಮಗ ಆರ್ಲೊ ಗಥ್ರಿಯೂ ಬಂದ. ಅಪ್ಪ, ಮಗ ಇಬ್ಬರಿಗೂ ಅದೇ ಜಗುಲಿ.

1961ರ ಅಕ್ಟೋಬರ್ 29ರಂದು ಇಪ್ಪತ್ತು ವರ್ಷದ ಒಬ್ಬ ಹುಡುಗ ಬಂದ. ಮುಂದಿನ ಶನಿವಾರ, ನವೆಂಬರ್ 4ಕ್ಕೆ, ಕಾರ್ನೆಗಿ ಹಾಲ್ ಕಟ್ಟಡದ ಒಂದು ಸಣ್ಣ ಸಭಾಂಗಣದಲ್ಲಿ ಅವನ ಕಾರ್ಯಕ್ರಮ ಇತ್ತು, ಅದರ ಪ್ರಚಾರಕ್ಕೆ ಬಂದಿದ್ದು. ಡುಲೂತ್‌ನಲ್ಲಿ ಹುಟ್ಟಿದ್ದು, ಆದರೆ ಬೆಳೆದದ್ದು ನ್ಯೂ ಮೆಕ್ಸಿಕೊದ ಗ್ಯಾಲಪ್‌ನಲ್ಲಿ ಅಂತ ಬ್ರ್ಯಾಂಡ್ ಪರಿಚಯ ಮಾಡಿಕೊಡುತ್ತಾರೆ. ಹುಡುಗ ಹೌದು ಅನ್ನುತ್ತಾನೆ. ಹದಿಮೂರನೇ ವಯಸ್ಸಿಂದ ಜಾತ್ರೆ ತಂಡಗಳ ಜೊತೆ ತಿರುಗಿದೆ ಅನ್ನುತ್ತಾನೆ. ಎಲ್ಲ ಸುಳ್ಳು! ಅವನು ಬೆಳೆದದ್ದು ಮಿನೆಸೋಟದ ಹಿಬ್ಬಿಂಗ್ ಅನ್ನೋ ಗಣಿ ಊರಲ್ಲಿ, ಅಪ್ಪನಿಗೆ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ಇತ್ತು, ಹುಡುಗ ನೆಟ್ಟಗೆ ಹೈಸ್ಕೂಲ್ ಮುಗಿಸಿದ್ದ. ನಾನು ಆ ಧ್ವನಿಮುದ್ರಣವನ್ನು ಎಷ್ಟೋ ಸಲ ಕೇಳಿದ್ದೇನೆ. ಹುಡುಗ ಕಥೆ ಕಟ್ಟುತ್ತ ಹೋಗುತ್ತಾನೆ, ತಡವರಿಸುತ್ತಾನೆ, ಬ್ರ್ಯಾಂಡ್ ಎಲ್ಲೂ ಹಿಡಿದು ನಿಲ್ಲಿಸೋದಿಲ್ಲ. ಊರೂರು ತಿರುಗಿ ಹಾಡುಗಾರರನ್ನು ಕಂಡಿದ್ದ, ಮನಃಶಾಸ್ತ್ರ ಓದಿದ್ದ ಮನುಷ್ಯನಿಗೆ ಅನುಮಾನ ಬಂದಿರಲಾರದೆ? ಬಂದಿರುತ್ತದೆ ಅಂತಲೇ ನಾನು ತಿಳಿದಿದ್ದೇನೆ. ಹಾಡು ಕಟ್ಟುವವನು ತನ್ನ ಬಾಲ್ಯವನ್ನೂ ಕಟ್ಟಿಕೊಂಡರೆ ಕಟ್ಟಿಕೊಳ್ಳಲಿ ಬಿಡು ಅಂದುಕೊಂಡಿರಬೇಕು. ಹುಡುಗ ಎರಡು ಹಾಡು ಹಾಡಿ ಹೋದ. ಶನಿವಾರದ ಕಾರ್ಯಕ್ರಮಕ್ಕೆ ಬಂದದ್ದು ಐವತ್ತು ಚಿಲ್ಲರೆ ಜನ. ಇವತ್ತು ಈ ಸಭೆಯಲ್ಲಿ ಅದಕ್ಕಿಂತ ಜಾಸ್ತಿ ಇದ್ದೀರಿ.

ಇದೇ ಅರವತ್ತರ ದಶಕದಲ್ಲಿ ಅವರು ಕೆನಡಾ ಟಿವಿಗೂ ಒಂದು ಕಾರ್ಯಕ್ರಮ ಮಾಡಿದರು, 1963ರಿಂದ 1968ರವರೆಗೆ. ವಿಶ್ವವಿದ್ಯಾಲಯಗಳಿಗೆ ಹೋಗಿ, ವಿದ್ಯಾರ್ಥಿಗಳನ್ನು ಸುತ್ತ ಕೂರಿಸಿಕೊಂಡು ಚಿತ್ರೀಕರಣ. ಅಮೆರಿಕದ ಟಿವಿ ಬಾಗಿಲು ಹಾಕಿದ್ದ ಹಾಡುಗಾರರು ಗಡಿ ದಾಟಿ ಬಂದು ಇಲ್ಲಿ ಹಾಡಿದರು. ಜೋನಿ ಆ್ಯಂಡರ್ಸನ್ ಅಂತ ಒಬ್ಬ ಹುಡುಗಿ ಬಂದಳು, ಮದುವೆಯಾದ ಮೇಲೆ ಜೋನಿ ಮಿಚೆಲ್ ಆದಳು. ಕೆನಡಾದ ಬಗ್ಗೆ ಬ್ರ್ಯಾಂಡ್ ಬರೆದ ಒಂದು ಹಾಡು ಅಲ್ಲಿನ ಶಾಲೆ ಮಕ್ಕಳ ಬಾಯಲ್ಲೆಲ್ಲ ಓಡಾಡಿತು. ಬಾಲ್ಯದಲ್ಲೇ ಊರು ಬಿಟ್ಟವರು ಊರಿನ ಮೇಲೆ ಎಷ್ಟು ಚೆನ್ನಾಗಿ ಹಾಡು ಕಟ್ಟುತ್ತಾರೆ ನೋಡಿ. ಅಲ್ಲೇ ಇದ್ದವರಿಗೆ ನೀರಿನ ಬಿಲ್ಲು ಕಟ್ಟೋದೇ ಆಗುತ್ತದೆ.

ಇನ್ನೊಂದು ತಮಾಷೆ. ಮಕ್ಕಳ ಟಿವಿ ಕಾರ್ಯಕ್ರಮ 'ಸೆಸಮೆ ಸ್ಟ್ರೀಟ್' ಕಟ್ಟುವಾಗ ಇವರು ಸಲಹೆಗಾರರಲ್ಲಿ ಒಬ್ಬರು. ಅದರಲ್ಲಿ ಕಸದ ಡಬ್ಬಿಯೊಳಗೆ ಕೂತು ಎಲ್ಲರ ಮೇಲೂ ರೇಗುವ ಆಸ್ಕರ್ ಅನ್ನೋ ಗೊಂಬೆ ಇದೆಯಲ್ಲ, ಆ ಹೆಸರು ಇವರದ್ದೇ ಅಂತ ಒಂದು ಮಾತಿದೆ. ಇಲ್ಲ, ಅದು ಒಂದು ಹೋಟೆಲಿನ ಸಿಡುಕು ಮಾಣಿಯಿಂದ ಬಂದದ್ದು ಅಂತಲೂ ಇದೆ. ಜಾನಪದ ಹಾಡುಗಾರನ ಬಗ್ಗೆ ಎರಡು ಪಾಠಾಂತರ ಇರೋದು ಸರಿಯಾಗೇ ಇದೆ.

1995ರಲ್ಲಿ, ರೇಡಿಯೊ, ಟಿವಿಯ ಒಳ್ಳೆ ಕೆಲಸಕ್ಕೆ ಕೊಡುವ ಪೀಬಡಿ ಪ್ರಶಸ್ತಿ ಬಂತು. ಒಬ್ಬರೇ ನಿರೂಪಕರು ಅತಿ ಹೆಚ್ಚು ಕಾಲ ನಡೆಸಿದ ರೇಡಿಯೊ ಕಾರ್ಯಕ್ರಮ ಅಂತ ಗಿನ್ನೆಸ್‌ನವರು ದಾಖಲೆ ಮಾಡಿಕೊಂಡರು. 1997ಕ್ಕೆ ಕೇಂದ್ರ ನಗರಾಡಳಿತದ ಕೈಯಿಂದ ಬೇರೆಯಾಯಿತು, ಮಾಲೀಕರು ಬದಲಾದರು, ನಿರ್ದೇಶಕರು ಎಷ್ಟು ಜನ ಬಂದು ಹೋದರೋ. ಕೊನೆಯ ವರ್ಷಗಳಲ್ಲಿ ಶನಿವಾರ ರಾತ್ರಿ ಹತ್ತಕ್ಕೆ ಅವರ ಕಾರ್ಯಕ್ರಮ. ತೊಂಬತ್ತು ದಾಟಿದ ಮೇಲೂ ಬರುತ್ತಿದ್ದರು, ಸಂಬಳವಿಲ್ಲದೆ. 2016ರ ಸೆಪ್ಟೆಂಬರ್ 30ರಂದು ನ್ಯುಮೋನಿಯಾ ಆಗಿ ತೀರಿಕೊಂಡರು, ತೊಂಬತ್ತಾರು ವಯಸ್ಸು. ಎರಡು ವಾರ ಕಳೆದಿರಲಿಲ್ಲ, ಅಕ್ಟೋಬರ್ 13ಕ್ಕೆ ಆ ಸುಳ್ಳು ಹೇಳಿದ ಹುಡುಗನಿಗೆ, ಬಾಬ್ ಡಿಲನ್‌ಗೆ, ಸಾಹಿತ್ಯದ ನೊಬೆಲ್ ಘೋಷಣೆ ಆಯಿತು.

ಆ 1961ರ ಧ್ವನಿಮುದ್ರಣವನ್ನೇ ಈಗ ಕೇಳಿಸುತ್ತೇನೆ. ಮೊದಲು ಬರುವುದು ಬ್ರ್ಯಾಂಡ್ ಧ್ವನಿ. ಹುಡುಗ ಜಾತ್ರೆಯ ಕಥೆ ಶುರು ಮಾಡಿದ ಮೇಲೆ ಅವನನ್ನು ಬಿಟ್ಟುಬಿಡಿ, ಇವರು ಎಲ್ಲೆಲ್ಲಿ ಸುಮ್ಮನಿರುತ್ತಾರೆ ಅನ್ನೋದಕ್ಕೆ ಕಿವಿ ಕೊಡಿ. ಶಬ್ದ ಸ್ವಲ್ಪ ಸಣ್ಣದಾಗಿದೆ, ಹಿಂದಿನ ಸಾಲಿನವರು ಮುಂದೆ ಬಂದುಬಿಡಿ.